ಬಣ್ಣದ ಮಾವ ಹೇಳಿಕೊಟ್ಟ ಶೇಕಡಾ ಲೆಕ್ಕ

ಅವರ ಮೂಗಿನ ತುದಿಗೆ ಸದಾ ಯಾವುದಾದರೊಂದು ಬಣ್ಣ ಹತ್ತಿರುತ್ತಿತ್ತು. ನಶ್ಯ ಏರಿಸುವ ಅಭ್ಯಾಸ ಅವರದು. ಬೆರಳುಗಳೋ, ಬೆಳಗಿನಿಂದ ಸಂಜೆಯವರೆಗೆ ಬಣ್ಣದ ತೊಟ್ಟಿಯಲ್ಲಿ. ಒಂದು ಚಿಟಿಕೆ ನಶ್ಯದ ಜೊತೆಗೆ ಆ ವಾರದ ಬಣ್ಣವೂ ಮೂಗಿಗೆ ಏರುತ್ತಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಹೆಂಗಸರು ಅವರ ಮೂಗು ನೋಡಿಯೇ ಈಗ ಮಗ್ಗಗಳ ಮೇಲೆ ಯಾವ ಸೀರೆ ಓಡುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಒಮ್ಮೆ ನವಿಲು ಬಣ್ಣದ ಸೀರೆಗೆ ಎಲ್ಲಿಲ್ಲದ ಬೇಡಿಕೆ ಬಂದು, ಒಂದು ತಿಂಗಳು ಪೂರ್ತಿ ಅವರು ನೀಲಿ ಮೂಗು ಹೊತ್ತು ಓಡಾಡಿದರು. ಅವರ ಹೆಂಡತಿಯನ್ನು ನಾವೆಲ್ಲ ಅತ್ತೆ ಎನ್ನುತ್ತಿದ್ದೆವು. "ಮದ್ವೆ ಮನೆಗೆ ಬರೋವಾಗ್ಲಾದ್ರೂ ಮೂಗು ತೊಳ್ಕೊಂಡ್ ಬನ್ರೀ" ಎಂದು ಅತ್ತೆ ಬೈಯುತ್ತಿದ್ದರು. ಅವರು ತೊಳೆದುಕೊಂಡೇ ಬರುತ್ತಿದ್ದರು. ಬಣ್ಣ ಹೋಗುತ್ತಿರಲಿಲ್ಲ, ಅಷ್ಟೇ.

ಬೀದಿಗೆಲ್ಲ ಅವರು ಬಣ್ಣದ ಮಾವ. ನಮಗೆ ನೆಂಟರೇನಲ್ಲ. ನಮ್ಮ ಮನೆಯ ಹಿತ್ತಲಿಗೆ ಅಂಟಿಕೊಂಡಂತೆ ಅವರ ಬಣ್ಣದ ಶೆಡ್ಡು ಇತ್ತು. ನೂಲಿಗೆ ಬಣ್ಣ ಹಾಕಿಕೊಡುವುದು ಅವರ ಕಸುಬು. ಓದಿದ್ದು ನಾಲ್ಕನೇ ಕ್ಲಾಸು. ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು, ಮ್ಯಾನೇಜರ್ ಕುರ್ಚಿಯಲ್ಲಿ ಕೂತು ನಿವೃತ್ತಳಾದವಳು. ಆ ಕೆಲಸ ನನಗೆ ಸಿಕ್ಕಿದ್ದು ಅವರಿಂದ. ಅವರು ಯಾರ ಹತ್ತಿರವೂ ಶಿಫಾರಸಿಗೆ ಹೋಗಲಿಲ್ಲ, ಶೇಕಡಾ ಲೆಕ್ಕ ಹೇಳಿಕೊಟ್ಟರು. ಇದನ್ನು ಬಾಯಲ್ಲಿ ಹೇಳಿದರೆ ಜನ ನಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಅವರ ಮೊದಲ ನೆನಪೆಂದರೆ ಸಿಟ್ಟು. ಆಗ ನನಗೆ ಎಂಟು ವರ್ಷವಿದ್ದೀತು, ಅರವತ್ತರ ದಶಕದ ಆರಂಭ. ಅಮ್ಮ ನನ್ನನ್ನು ಕೂಗಿ, "ಮಾವನ್ನ ಕೇಳಿ ಅಂಚಿಗೆ ಹಸಿರು ನೂಲು ಇಸ್ಕೊಂಬಾ" ಎಂದಳು. ಹೋದೆ. ಮಾವ ತೊಟ್ಟಿಯಿಂದ ತಲೆ ಎತ್ತದೆ, "ಒಡಲು ಯಾವ ಬಣ್ಣ ಅಂತ ಕೇಳ್ಕೊಂಬಾ" ಎಂದರು. ಓಡಿ ಬಂದು ಕೇಳಿದೆ. ಕೆಂಪಂತೆ. ಮತ್ತೆ ಓಡಿದೆ. "ಎಷ್ಟು ಲಡಿ ನೂಲು ಬೇಕಂತೆ?" ಮತ್ತೆ ವಾಪಸ್. ಅಮ್ಮನಿಗೂ ರೇಗಿತು. "ಎಲ್ಲಾ ಒಂದೇ ಸಲ ಕೇಳ್ಬಾರ್ದಾ ಆ ಮನುಷ್ಯ" ಎಂದಳು. ನಾನು ಆ ಮಾತನ್ನು ಒಂದಕ್ಷರ ಬಿಡದೆ ಮಾವನಿಗೆ ಒಪ್ಪಿಸಿದೆ. ಅವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿ, "ಎಲ್ಲಾ ಒಂದೇ ಸಲ ಹೇಳ್ಬಾರ್ದಾ ಅಂತ ನಿಮ್ಮಮ್ಮನ್ನ ಕೇಳು" ಎಂದರು. ನಾನು ಅದನ್ನೂ ಹೋಗಿ ಒಪ್ಪಿಸಿ ಬೆನ್ನಿಗೆ ಒಂದು ಗುದ್ದು ತಿಂದೆ.

ಅವರ ಸ್ವಭಾವವೇ ಹಾಗೆ. ಕೇಳಬೇಕಾದ್ದನ್ನು ಕೇಳಿ ಮುಗಿಯುವವರೆಗೆ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಮಗ್ಗದ ಮಾಲೀಕರು ಸೈಕಲ್ಲಿನಿಂದ ಇಳಿಯದೆಯೇ, "ಹೋದ್ಸಲದ್ದೇ ಬಣ್ಣ, ಬೇಗ ಆಗ್ಬೇಕು" ಎಂದು ಕೂಗಿ ಹೋಗುವುದಿತ್ತು. ಮಾವ ಆ ನೂಲನ್ನು ಮುಟ್ಟುತ್ತಲೇ ಇರಲಿಲ್ಲ. ಸಂಜೆ ಮಾಲೀಕರು ಬಂದು ಕೂಗಾಡಿದರೆ, "ಹೋದ್ಸಲ ಎರಡು ಥರ ಹಾಕ್ಕೊಟ್ಟಿದ್ದೆ. ಯಾವ್ದು ಅಂತ ಹೇಳ್ದೇ ಹೋದ್ರಿ" ಎನ್ನುತ್ತಿದ್ದರು, ದನಿ ಏರಿಸದೆ. ತೂಗುವಾಗ ಎಣಿಕೆ ತೆಲುಗಿನಲ್ಲಿ. ಒಕಟಿ, ರೆಂಡು, ಮೂಡು. ನೂಲಿನ ಒಂದು ಎಳೆಯನ್ನು ಬಣ್ಣದಲ್ಲಿ ಅದ್ದಿ, ಕಡಾಯಿಯ ಬಿಸಿ ಮುಚ್ಚಳದ ಮೇಲೆ ಒಣಗಿಸಿ, ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬಲ್ಬಿನ ಬೆಳಕಿನಲ್ಲಿ ಬಣ್ಣ ನೋಡಿ ಎಂದರೆ ನಗುತ್ತಿದ್ದರು. ಸಂಜೆ ಐದರ ಮೇಲೆ ಯಾರೇ ಬಂದು ಕೇಳಲಿ, ಬಣ್ಣದ ವಿಷಯ ನಾಳೆಗೆ.

ಆ ಕಸುಬೆಲ್ಲ ಶೇಕಡಾ ಲೆಕ್ಕದ್ದು ಎಂದು ನನಗೆ ಗೊತ್ತಾಗಲು ತುಂಬಾ ವರ್ಷ ಬೇಕಾಯಿತು. ನೂರಕ್ಕೆ ಒಂದು ಎಂದರೆ ತಿಳಿಬಣ್ಣ, ನೂರಕ್ಕೆ ಮೂರು ಎಂದರೆ ಮದುವೆ ಸೀರೆಯ ಗಟ್ಟಿ ಬಣ್ಣ. ನೂರು ಗ್ರಾಂ ನೂಲಿಗೆ ಮೂರು ಗ್ರಾಂ ಪುಡಿ. ಅವರು ಶೇಕಡಾ ಎಂಬ ಪದ ಬಳಸುತ್ತಿರಲಿಲ್ಲ. "ನೂರಕ್ಕೆ" ಎನ್ನುತ್ತಿದ್ದರು, ಎಂದ ಕೂಡಲೇ "ಯಾವ ನೂರು?" ಎಂದು ಕೇಳುತ್ತಿದ್ದರು.

ನಾನು ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಡಿಗ್ರಿ ಮುಗಿಸಿದೆ. ಗಣಿತದಲ್ಲಿ ಕ್ಲಾಸಿಗೇ ಮೊದಲು. ಈ ಮಾತನ್ನು ಆಗ ದಿನಕ್ಕೆರಡು ಸಲ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಎಪ್ಪತ್ತರ ದಶಕದ ನಡುಭಾಗ ದಾಟಿತ್ತು. ಬ್ಯಾಂಕುಗಳು ಹೊಸ ಹೊಸ ಶಾಖೆ ತೆರೆದು ಗುಮಾಸ್ತರನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಿದ್ದವು. ಅಪ್ಪನಿಗೆ ನಡುಮನೆಯಲ್ಲಿ ಎರಡು ವಿದ್ಯುತ್ ಮಗ್ಗ. ಅದರ ಪಕ್ಕದಲ್ಲಿ ಕೂತು ಕಂಡಿಕೆ ಸುತ್ತುವುದು, ಎಂದರೆ ಲಾಳಿಯೊಳಗೆ ಇಡುವ ಕಡ್ಡಿಗೆ ನೂಲು ಸುತ್ತಿಕೊಡುವುದು, ಮನೆಯ ಹೆಣ್ಣುಮಕ್ಕಳ ಪಾಲಿನ ಕೆಲಸ. ನನಗೆ ಅದು ಬೇಡವಾಗಿತ್ತು. ಮೇಜು ಬೇಕಿತ್ತು, ಕುರ್ಚಿ ಬೇಕಿತ್ತು, ನಾನು ಸಹಿ ಮಾಡಿದರೆ ಮಾತ್ರ ಮುಂದಕ್ಕೆ ಹೋಗುವ ಕಾಗದ ಬೇಕಿತ್ತು.

ಮೊದಲ ಪರೀಕ್ಷೆ ಬರೆದು ಬಂದೆ. ಅದರಲ್ಲಿ ಒಂದು ಹೊಸ ನಮೂನೆಯ ಪ್ರಶ್ನೆಗಳಿದ್ದವು. ಒಂದು ಪ್ರಶ್ನೆ, ಅದರ ಕೆಳಗೆ ಎರಡು ಹೇಳಿಕೆ. ಉತ್ತರ ಕಂಡುಹಿಡಿಯಬೇಕಾಗಿಲ್ಲ. ಉತ್ತರಕ್ಕೆ ಮೊದಲನೇ ಹೇಳಿಕೆಯೊಂದೇ ಸಾಕೇ, ಎರಡನೆಯದೊಂದೇ ಸಾಕೇ, ಎರಡೂ ಸೇರಿದರೆ ಸಾಕೇ, ಸೇರಿದರೂ ಸಾಲದೇ, ಇಷ್ಟನ್ನು ಮಾತ್ರ ಹೇಳಬೇಕು. ಮುಕ್ಕಾಲು ಪಾಲು ಶೇಕಡಾ ಲೆಕ್ಕಗಳು. ಅಂಕಿ ಕಂಡರೆ ಸಾಕು, ನನ್ನ ಪೆನ್ಸಿಲ್ಲು ತಾನಾಗಿ ಓಡುತ್ತಿತ್ತು. ಒಂದೊಂದನ್ನೂ ಬಿಡಿಸಿ ಉತ್ತರ ತೆಗೆದೆ. ಎಲ್ಲಾದರೂ ಒಂದು ಅಂಕಿ ಕಮ್ಮಿ ಬಿದ್ದರೆ, ಶಾಲೆಯಲ್ಲಿ ಕಲಿತಂತೆ, "ನೂರು ಎಂದು ಇಟ್ಟುಕೊಳ್ಳೋಣ" ಎಂದು ಇಟ್ಟುಕೊಂಡೆ. ಎಲ್ಲಕ್ಕೂ ಉತ್ತರ ಬಂತು. ಎಲ್ಲ ಹೇಳಿಕೆಗಳೂ ಸಾಕು ಸಾಕು ಎಂದು ಗುರುತು ಹಾಕಿ ಎದ್ದು ಬಂದೆ. ರೈಲಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದೆ. ಅಮ್ಮ ಬೀದಿಗೆ ರವೆ ಉಂಡೆ ಹಂಚಿದಳು.

ಫಲಿತಾಂಶ ಬಂದಾಗ ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ರವೆ ಉಂಡೆ ತಿಂದವರೆಲ್ಲ ಬಂದು, "ಹೋಗ್ಲಿ ಬಿಡಮ್ಮ" ಎಂದರು. ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಎರಡು ದಿನ ಮಗ್ಗದ ಮುಂದಿನಿಂದ ಏಳಲಿಲ್ಲ. ಮೂರನೆಯ ದಿನ ಮಗ್ಗ ನಿಲ್ಲಿಸಿ, "ಇನ್ನೊಂದ್ಸಲ ಬರಿ. ಬೇಡ ಅನ್ನಲ್ಲ. ಅದೂ ಆಗ್ಲಿಲ್ವಾ, ಹಿಂದೂಪುರದ ನಿಮ್ಮತ್ತೆಗೆ ಮಾತು ಕೊಟ್ಬಿಡ್ತೀನಿ" ಎಂದರು. ಅಪ್ಪನ ತಂಗಿಯಾದ ಆ ಅತ್ತೆಯ ಮಗ ಕೆಟ್ಟವನೇನಲ್ಲ. ಆದರೆ ಅವರ ಮನೆಯಲ್ಲೂ ಎರಡು ಮಗ್ಗ, ಅವುಗಳ ಪಕ್ಕದಲ್ಲಿ ಕಂಡಿಕೆ ಸುತ್ತುವ ರಾಟೆ ನನಗಾಗಿ ಕಾದು ಕೂತಿತ್ತು. ಮುಂದಿನ ಪರೀಕ್ಷೆಗೆ ನಾಲ್ಕು ತಿಂಗಳಿತ್ತು.

ಮನೆಯಲ್ಲಿ ಮಗ್ಗದ ಸದ್ದಿಗೆ ಓದಲಾಗುತ್ತಿರಲಿಲ್ಲ. ಪುಸ್ತಕ ಎತ್ತಿಕೊಂಡು ಮಾವನ ಶೆಡ್ಡಿನ ಮುಂದೆ ಹೊಂಗೆ ಮರದ ಕೆಳಗೆ ಕೂರತೊಡಗಿದೆ. ಪಾಸಾದ ಗೆಳತಿಯೊಬ್ಬಳು ತನ್ನ ಹಳೆಯ ಗೈಡು ಕೊಟ್ಟಿದ್ದಳು. ಅದರಲ್ಲಿ ಇಪ್ಪತ್ತು ಪ್ರಶ್ನೆ ಮಾಡಿದರೆ ಹನ್ನೊಂದು ತಪ್ಪು. ಉತ್ತರ ಸರಿ ಬಂದಿರುತ್ತಿತ್ತು, ಗುರುತು ಮಾತ್ರ ತಪ್ಪು. ಯಾಕೆ ಎಂದು ತಿಳಿಯದೆ ಪುಸ್ತಕದ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಮಾವನಿಗೆ ಆಗಲೇ ಹತ್ತಿರದ್ದು ಮಂಜಾಗಿ ಕಾಣುತ್ತಿತ್ತು. ಹೊಸ ಬಣ್ಣದ ಡಬ್ಬಿಗಳ ಮೇಲಿನ ಇಂಗ್ಲಿಷ್ ಓದಿ ಹೇಳುವುದು, ಪುಡಿ ತೂಗುವುದು ನನ್ನ ಪಾಲಿಗೆ ಬಂತು. ಕೂತ ಜಾಗಕ್ಕೆ ಬಾಡಿಗೆ ಎಂದುಕೊಂಡು ಮಾಡುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಮಾವ ಊಟಕ್ಕೆ ಹೋಗಿದ್ದರು. ಪೇಟೆ ಕಡೆಯ ಮಾಲೀಕರೊಬ್ಬರ ಆಳು ಒದ್ದೆ ರೇಷ್ಮೆಯ ಲಡಿಗಳನ್ನು ಗಾಡಿಯಲ್ಲಿ ತಂದಿಳಿಸಿದ. "ಇಪ್ಪತ್ತು ಕೆಜಿ. ಮದ್ವೆ ಕೆಂಪು. ನೂರಕ್ಕೆ ಮೂರು" ಎಂದು ಹೇಳಿ ಹೋದ. ನನಗೆ ಇದಕ್ಕಿಂತ ಸುಲಭದ ಲೆಕ್ಕ ಹುಟ್ಟಿಯೇ ಇರಲಿಲ್ಲ. ಇಪ್ಪತ್ತು ಕೆಜಿಗೆ ಆರುನೂರು ಗ್ರಾಂ. ಮಾವ ಬರುವಷ್ಟರಲ್ಲಿ ಪುಡಿ ತೂಗಿ, ಬಿಸಿನೀರಿನಲ್ಲಿ ಕಲಸಿ, ನಾಲ್ಕು ತಂಬಿಗೆ ಬಣ್ಣ ಸಿದ್ಧ ಮಾಡಿ, ಶಭಾಷ್ ಎನ್ನಿಸಿಕೊಳ್ಳಲು ನಿಂತಿದ್ದೆ.

ಅವರು ಲಡಿಗಳನ್ನು ಮುಟ್ಟಿ ನೋಡಿದರು. "ಒದ್ದೆ ಇದೆಯಲ್ಲಮ್ಮ. ಇಪ್ಪತ್ತು ಅಂತ ಯಾರು ತೂಗಿದ್ದು?"

"ಅವ್ರೇ ತೂಗಿದ್ದಾರೆ ಮಾವ."

"ಯಾವಾಗ ತೂಗಿದ್ದು? ಅಂಟು ಬಿಡ್ಸೋಕೆ ಮುಂಚೇನಾ, ಆಮೇಲಾ?"

ರೇಷ್ಮೆ ಹುಳು ಬಿಟ್ಟ ನೂಲಿಗೆ ಒಂದು ಅಂಟು ಇರುತ್ತದೆ. ಸೋಪಿನ ನೀರಿನಲ್ಲಿ ಕುದಿಸಿ ಅದನ್ನು ಬಿಡಿಸದೆ ಬಣ್ಣ ಹಿಡಿಯುವುದಿಲ್ಲ. ಬಿಡಿಸಿದ ಮೇಲೆ ನೂಲಿನ ತೂಕ ಇಳಿಯುತ್ತದೆ. ಸಾಮಾನ್ಯವಾಗಿ ಅದನ್ನೂ ಮಾವನೇ ಮಾಡಿ, ಒಣಗಿಸಿ, ತೂಗಿ ಬಣ್ಣಕ್ಕೆ ಇಳಿಸುತ್ತಿದ್ದರು. ಆ ವಾರ ಅವರ ದೊಡ್ಡ ಕಡಾಯಿಯ ತಳ ಬಿಟ್ಟುಹೋಗಿ, ಮಾಲೀಕರು ಆ ಕೆಲಸವನ್ನು ಕೆರೆ ಕಡೆಯ ಇನ್ನೊಂದು ಶೆಡ್ಡಿನಲ್ಲಿ ಮಾಡಿಸಿ ಒದ್ದೆ ನೂಲನ್ನೇ ಕಳಿಸಿದ್ದರು. ಸಂಜೆಯೊಳಗೆ ಬಣ್ಣವಾಗಬೇಕು. ಒದ್ದೆ ನೂಲನ್ನು ತೂಗಿದರೆ ನೀರಿನ ತೂಕವೂ ಬರುತ್ತದೆ.

"ಗೊತ್ತಿಲ್ಲ ಮಾವ" ಎಂದೆ.

"ಗೊತ್ತಿಲ್ದೇ ಕಲಸ್ಬಿಟ್ಯಾ? ಹೋಗಿ ಕೇಳ್ಕೊಂಬಾ."

ಸುಡುಬಿಸಿಲು. ಪೇಟೆಗೆ ಹೋಗಿ ಬರಲು ಅರ್ಧ ಗಂಟೆ. ಮಾಲೀಕರು, ಮುಂಚೆ ತೂಗಿದ್ದು ಎಂದರು. ಬಂದು ಹೇಳಿದೆ. ಮಾವ ನಶ್ಯದ ಡಬ್ಬಿ ತೆಗೆದು, "ಸರಿ. ಯಾವ ರೇಷ್ಮೆಯಂತೆ? ಚರಕದ್ದಾ, ಮಿಲ್ಲಿಂದಾ?" ಎಂದು ಕೇಳಿದರು. ಒಂದೊಂದರಲ್ಲಿ ಒಂದೊಂದು ಪ್ರಮಾಣದ ಅಂಟು. ನಾನು ಕೇಳಿಕೊಂಡು ಬಂದಿರಲಿಲ್ಲ. ಅವರು ಬೀದಿಯ ಕಡೆ ಕೈ ತೋರಿಸಿದರು. ಮತ್ತೆ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದೆ. ಡಿಗ್ರಿ ಓದಿದವಳನ್ನು ಎಂಟು ವರ್ಷದ ಹುಡುಗಿಯ ಹಾಗೆ ಓಡಿಸುತ್ತಾರಲ್ಲ ಎಂದು ಕಣ್ಣಲ್ಲಿ ನೀರೂ ಬಂತು.

"ಚರಕದ್ದಂತೆ" ಎಂದು ಬಂದು ಹೇಳಿದೆ.

"ಹಂಗಾದ್ರೆ ನೂರಕ್ಕೆ ಇಪ್ಪತ್ತೈದು ಹೋಗುತ್ತೆ. ಈಗ ಸಾಕು. ಇನ್ನು ಲೆಕ್ಕಾನ ಯಾರು ಬೇಕಾದ್ರೂ ಮಾಡ್ಲಿ" ಎಂದು, ನಾನು ಕಲಸಿದ್ದ ನಾಲ್ಕು ತಂಬಿಗೆಯಲ್ಲಿ ಮೂರನ್ನು ತೊಟ್ಟಿಗೆ ಸುರಿದು, ಒಂದನ್ನು ಪಕ್ಕಕ್ಕಿಟ್ಟರು.

ನಾನು ಬಾಯಲ್ಲೇ ಲೆಕ್ಕ ಹಾಕಿದೆ. ಇಪ್ಪತ್ತರಲ್ಲಿ ಕಾಲು ಭಾಗ ಹೋದರೆ ಹದಿನೈದು. ಹದಿನೈದು ಕೆಜಿಗೆ ನೂರಕ್ಕೆ ಮೂರರಂತೆ ನಾನೂರೈವತ್ತು ಗ್ರಾಂ. ನನ್ನ ಆರುನೂರು ಬಿದ್ದಿದ್ದರೆ ಮದುವೆ ಕೆಂಪು ಹೋಗಿ ಕಪ್ಪಿಟ್ಟ ಕೆಂಪು ಬರುತ್ತಿತ್ತು. ನನ್ನ ಗುಣಾಕಾರ ಸರಿಯಾಗಿಯೇ ಇತ್ತು. ನೂರು ಬೇರೆಯಾಗಿತ್ತು. ಆಳು ಹೇಳಿದ ಇಪ್ಪತ್ತು ಒಂದೇ ಇದ್ದರೆ ಸಾಲದು. ಕಾಲು ಭಾಗ ಇಳಿಯುತ್ತದೆ ಎನ್ನುವುದು ಒಂದೇ ಇದ್ದರೂ ಸಾಲದು. ಎರಡೂ ಸೇರಿದರೆ ಸಾಕು. ಪರೀಕ್ಷೆಯಲ್ಲಿ ನನ್ನನ್ನು ಉರುಳಿಸಿದ್ದು ಇದೇ ಪ್ರಶ್ನೆ. ನಮ್ಮ ಹಿತ್ತಲ ಗೋಡೆಯಾಚೆ ಹದಿನೈದು ವರ್ಷದಿಂದ ಒಬ್ಬರು ದಿನವೂ ಅದನ್ನೇ ಕೇಳುತ್ತಿದ್ದರು, ನಾನು ಅವರನ್ನು ಕಿರಿಕಿರಿ ಮನುಷ್ಯ ಎಂದುಕೊಂಡಿದ್ದೆ.

ಅಂದು ಸಂಜೆಯೇ ಗೈಡು ಎತ್ತಿಕೊಂಡು ಅವರ ಮುಂದೆ ಕೂತೆ. ಅವರು, "ನಂಗೆ ಇಂಗ್ಲಿಷ್ ಬರುತ್ತೇನಮ್ಮ" ಎಂದರು. ನಾನು ಕನ್ನಡಕ್ಕೆ ತಿರುಗಿಸಿ ಓದುತ್ತೇನೆ ಎಂದೆ. ಮೊದಲ ಪ್ರಶ್ನೆ ಓದಿದೆ. ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳು ಎಷ್ಟು? ಒಂದನೇ ಹೇಳಿಕೆ, ಮಕ್ಕಳಲ್ಲಿ ನೂರಕ್ಕೆ ನಲವತ್ತು ಹೆಣ್ಣು. ಎರಡನೇ ಹೇಳಿಕೆ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳು ಅರವತ್ತು ಜನ ಹೆಚ್ಚು.

ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಯೋಚಿಸಿದರು. "ಒಂದ್ನೇದು ಬರೀ ಬಣ್ಣ. ತೂಕ ಇಲ್ಲ. ಎರಡ್ನೇದು ಬರೀ ತೂಕ, ಬಣ್ಣ ಇಲ್ಲ. ಎರಡೂ ಬೇಕು."

ಅಷ್ಟೇ. ಉತ್ತರ ಎಷ್ಟು ಎಂದು ಅವರು ಕೇಳಲೂ ಇಲ್ಲ. ನಾನು ಮಾತ್ರ ತಡೆಯಲಾರದೆ ಲೆಕ್ಕ ಮಾಡಿದೆ. ಹೆಣ್ಣು ನೂರಕ್ಕೆ ನಲವತ್ತು, ಗಂಡು ನೂರಕ್ಕೆ ಅರವತ್ತು, ನಡುವಿನ ನೂರಕ್ಕೆ ಇಪ್ಪತ್ತೇ ಹೆಚ್ಚಿಗೆ ಇರುವ ಆ ಅರವತ್ತು ಜನ, ಹಾಗಾಗಿ ಶಾಲೆಗೆ ಮುನ್ನೂರು, ಹೆಣ್ಣುಮಕ್ಕಳು ನೂರಿಪ್ಪತ್ತು. ಹೇಳಿದರೆ, "ಇರ್ಬೋದು" ಎಂದು ಲಡಿ ತಿರುವಲು ಎದ್ದರು.

ಮೂರು ತಿಂಗಳು ಹೀಗೇ ನಡೆಯಿತು. ದಿನದ ನೂಲೆಲ್ಲ ಬಿದಿರಿನ ಗಳದ ಮೇಲೆ ಹರಡಿಯಾದ ಮೇಲೆ ನಾಲ್ಕು ಗಂಟೆಯಿಂದ ಐದೂವರೆಯವರೆಗೆ. ಎಷ್ಟು ಎಂದು ಕೇಳುವ ಪ್ರಶ್ನೆ ತೂಕದ್ದು, ನೂರಕ್ಕೆ ಎಷ್ಟು ಎಂದು ಕೇಳುವುದು ಬಣ್ಣದ್ದು. ತೂಕ ಕೇಳಿದರೆ ಕೊಟ್ಟಿದ್ದರಲ್ಲಿ ಒಂದಾದರೂ ತೂಕ ಇರಲೇಬೇಕು. ಇದನ್ನು ಕಲಿತ ಹುರುಪಿನಲ್ಲಿ ನಾನು ಎಲ್ಲದಕ್ಕೂ ಸಾಲದು ಸಾಲದು ಎನ್ನತೊಡಗಿದೆ. ಒಂದು ಊರಿನ ಜನಸಂಖ್ಯೆ ಮೊದಲ ವರ್ಷ ನೂರಕ್ಕೆ ಇಪ್ಪತ್ತು ಏರಿತು, ಮರುವರ್ಷ ನೂರಕ್ಕೆ ಇಪ್ಪತ್ತು ಇಳಿಯಿತು, ಒಟ್ಟಿನಲ್ಲಿ ನೂರಕ್ಕೆ ಎಷ್ಟು ವ್ಯತ್ಯಾಸವಾಯಿತು ಎಂಬ ಪ್ರಶ್ನೆ. "ಮೊದಲು ಎಷ್ಟು ಜನ ಇದ್ರು ಅಂತಾನೇ ಹೇಳಿಲ್ಲ ಮಾವ, ಸಾಲದು" ಎಂದೆ.

"ಅವ್ರು ಕೇಳ್ತಿರೋದು ಬಣ್ಣ ಕಣಮ್ಮ. ಬಣ್ಣಕ್ಕೆ ಬಣ್ಣ ಸಾಕು. ತೂಕ ಯಾಕೆ?"

"ಹಾಗಾದ್ರೆ ಏರಿದ್ದೂ ಇಪ್ಪತ್ತು, ಇಳಿದಿದ್ದೂ ಇಪ್ಪತ್ತು, ವ್ಯತ್ಯಾಸ ಏನೂ ಇಲ್ಲ."

"ಎರಡ್ನೇ ಇಪ್ಪತ್ತು ಯಾವ ನೂರಿನ ಮೇಲೆ? ಉಬ್ಬಿದ ಊರಿನ ಮೇಲೆ ತಾನೇ? ನೂಲು ನೋಡು. ಅಂಟು ಬಿಡ್ಸಿದಾಗ ನೂರಕ್ಕೆ ಇಪ್ಪತ್ತೈದು ಹೋಯ್ತು. ಉಳಿದಿದ್ದಕ್ಕೆ ನೂರಕ್ಕೆ ಇಪ್ಪತ್ತೈದು ಸೇರಿಸಿದ್ರೆ ಮೊದಲಿನಷ್ಟು ಆಗುತ್ತಾ?"

ಆಗುವುದಿಲ್ಲ. ಮೂವತ್ತಮೂರು ಚಿಲ್ಲರೆ ಬೇಕು. ಆ ಊರಿನವರೂ ನೂರಕ್ಕೆ ನಾಲ್ಕು ಕಡಿಮೆಯಾಗಿದ್ದರು.

ಅವರಿಗೂ ತಿಳಿಯದ ಪ್ರಶ್ನೆಗಳು ಇರುತ್ತಿದ್ದವು. ಒಮ್ಮೆ ಒಂದನ್ನು ಮೂರು ಸಲ ಓದಿಸಿಕೊಂಡು, "ಸಾಲದು" ಎಂದು ತಲೆಯಾಡಿಸಿದರು. ನಾನು ಸಾಲದು ಎಂದು ಗುರುತು ಹಾಕಲು ಹೋದೆ. "ತಡಿ" ಎಂದು ನನ್ನ ಪೆನ್ಸಿಲ್ಲು ಹಿಡಿದರು, ಪೆನ್ಸಿಲ್ಲು ಹಸಿರಾಯಿತು. "ಅದಕ್ಕೆ ಸಾಲದು ಅಂತ ನಾನು ಹೇಳ್ಲಿಲ್ಲ. ನಂಗೆ ಸಾಲದು ಅಂದೆ. ಅದು ಬೇರೆ, ಇದು ಬೇರೆ." ನನ್ನ ಮೇಷ್ಟ್ರುಗಳಲ್ಲಿ ಯಾರೂ ನನಗೆ ಈ ವ್ಯತ್ಯಾಸ ಹೇಳಿರಲಿಲ್ಲ. ತಮಗೆ ಬರುವುದಿಲ್ಲ ಎಂದು ಮಕ್ಕಳ ಮುಂದೆ ಒಪ್ಪಿಕೊಂಡವರೂ ಇರಲಿಲ್ಲ.

ಎರಡನೇ ಪರೀಕ್ಷೆಗೆ ಹೋದಾಗ ಯಾರಿಗೂ ಹೇಳಲಿಲ್ಲ. ಬೆಂಗಳೂರಿನ ಒಂದು ಶಾಲೆಯ ಉದ್ದನೆಯ ಕೋಣೆ. ಆ ನಮೂನೆಯ ಪ್ರಶ್ನೆಗಳು ಬಂದಾಗ ನಾನು ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಓದಿದೆ. ಬಣ್ಣ, ತೂಕ, ಯಾವ ನೂರು. ಸುತ್ತಲೂ ಪರಪರ ಲೆಕ್ಕ ಗೀಚುವ ಸದ್ದು. ನಾನು ಓದುವುದು, ಗುರುತು ಹಾಕುವುದು, ಮತ್ತೆ ಕೈಕಟ್ಟುವುದು. ಪಕ್ಕದ ಸಾಲಿನ ಹುಡುಗ ನಾನು ಪರೀಕ್ಷೆಯ ಆಸೆ ಬಿಟ್ಟವಳೆಂದು ಕನಿಕರದಿಂದ ನೋಡಿದ. ಅವನ ಮುಖ ಈಗಲೂ ನೆನಪಿದೆ, ನೆನೆದರೆ ಈಗಲೂ ಖುಷಿ.

ಕೊನೆಯದೊಂದು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಒಂದು ಊರಿನ ಗಂಡಸರಲ್ಲಿ ನೂರಕ್ಕೆ ಅರವತ್ತು, ಹೆಂಗಸರಲ್ಲಿ ನೂರಕ್ಕೆ ನಲವತ್ತು ಓದುಬರಹ ಬಲ್ಲವರು. ಇಡೀ ಊರಿಗೆ ನೂರಕ್ಕೆ ಎಷ್ಟು? ಒಂದನೇ ಹೇಳಿಕೆ, ಊರಿನ ಜನಸಂಖ್ಯೆ ಎಂಟು ಸಾವಿರ. ಎರಡನೇ ಹೇಳಿಕೆ, ಓದುಬಲ್ಲ ಗಂಡಸರು ಓದುಬಲ್ಲ ಹೆಂಗಸರ ಒಂದೂವರೆ ಪಟ್ಟು. ಗಂಡಸರೆಷ್ಟು ಹೆಂಗಸರೆಷ್ಟು ಎಂದು ಎಲ್ಲೂ ಹೇಳಿಲ್ಲ. ಎರಡೂ ಸೇರಿದರೂ ಸಾಲದು ಎಂದು ಗುರುತು ಹಾಕಲು ಪೆನ್ಸಿಲ್ಲು ಎತ್ತಿದೆ. ಎತ್ತಿದ ಕೈ ತಡೆಯಿತು. ಇದಕ್ಕೆ ಸಾಲದೋ, ನನಗೆ ಸಾಲದೋ? ಕೇಳಿರುವುದು ಬಣ್ಣ, ಹಾಗಾಗಿ ಎಂಟು ಸಾವಿರ ಎಂಬ ತೂಕವನ್ನು ಪಕ್ಕಕ್ಕಿಟ್ಟೆ. ಎರಡನೆಯದನ್ನು ಮತ್ತೆ ಓದಿದೆ. ಓದುಬಲ್ಲ ಗಂಡಸರು ಅರವತ್ತು ಎಂದರೆ ಹೆಂಗಸರು ಅದರ ಲೆಕ್ಕಕ್ಕೆ ನಲವತ್ತು. ಅರವತ್ತು ಗಂಡಸರು ಬರುವುದು ನೂರು ಗಂಡಸರಿಂದ, ನಲವತ್ತು ಹೆಂಗಸರು ಬರುವುದು ನೂರು ಹೆಂಗಸರಿಂದ. ಊರಿನಲ್ಲಿ ಇಬ್ಬರೂ ಸಮ. ಎರಡನೆಯ ಹೇಳಿಕೆಯೊಂದೇ ಸಾಕು. ಗಂಟೆ ಹೊಡೆಯುವುದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಬರವಣಿಗೆಯಲ್ಲಿ ಪಾಸಾಗಿ ಸಂದರ್ಶನಕ್ಕೆ ಕರೆ ಬಂತು. ಮೇಜಿನಾಚೆ ಮೂವರು. ಅವರಲ್ಲಿ ಒಬ್ಬರು, "ನಿಮ್ಮದು ಮಗ್ಗದ ಊರಲ್ಲವೇ? ಮಗ್ಗಗಳು ವರ್ಷಕ್ಕೆ ಶೇಕಡಾ ಹತ್ತರಂತೆ ಹೆಚ್ಚಿದರೆ ಎರಡು ವರ್ಷದ ನಂತರ ಎಷ್ಟಿರುತ್ತವೆ?" ಎಂದು ಕೇಳಿದರು. ಒಂದು ವರ್ಷದ ಹಿಂದಿನ ನಾನು ಆ ಕ್ಷಣವೇ ನೂರಿಪ್ಪತ್ತೊಂದು ಎಂದು ಕೂಗುತ್ತಿದ್ದೆ.

"ಈಗ ಎಷ್ಟಿವೆ ಎಂದು ತಾವು ಹೇಳಲಿಲ್ಲ ಸರ್" ಎಂದೆ.

"ನೂರು ಎಂದು ಇಟ್ಟುಕೊಳ್ಳಿ."

"ಇಟ್ಟುಕೊಂಡರೆ ಅದು ನಾನು ಕಟ್ಟಿದ ಊರಾಗುತ್ತದೆ ಸರ್, ನಮ್ಮೂರಾಗುವುದಿಲ್ಲ. ಈಗ ಇರುವುದಕ್ಕಿಂತ ಶೇಕಡಾ ಇಪ್ಪತ್ತೊಂದು ಹೆಚ್ಚಿರುತ್ತವೆ, ಅಷ್ಟು ಮಾತ್ರ ಹೇಳಬಲ್ಲೆ. ಎಷ್ಟು ಎಂದು ಹೇಳಲು ಇನ್ನೊಂದು ಅಂಕಿ ಬೇಕು."

ನಡುವೆ ಕೂತಿದ್ದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನು ಎಲ್ಲಿ ಕಲಿತಿರಿ?" ಎಂದರು. "ಪಕ್ಕದ ಮನೆಯಲ್ಲಿ" ಎಂದೆ.

ನೇಮಕದ ಕಾಗದ ಬಂದಿದ್ದು ಒಂದು ಬೆಳಗ್ಗೆ ಹತ್ತು ಗಂಟೆಗೆ. ಅಂಚೆಯವನ ಕೈಯಿಂದ ಕಿತ್ತುಕೊಂಡು ಶೆಡ್ಡಿಗೆ ಓಡಿದೆ. ಮಾವ ತೊಟ್ಟಿಯಲ್ಲಿ ಲಡಿ ಇಳಿಬಿಟ್ಟು ತಿರುವುತ್ತಿದ್ದರು. ಬಣ್ಣ ಹೀರುವ ಹೊತ್ತಿನಲ್ಲಿ ಕೈ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಒಂದು ಕಡೆ ಗಾಢ, ಒಂದು ಕಡೆ ತಿಳಿ. ಮನೆಗೆ ನೆಂಟರು ಬಂದರೂ, ಅತ್ತೆಗೆ ಜ್ವರ ಬಂದರೂ ಅವರು ಆ ಹೊತ್ತಿನಲ್ಲಿ ತೊಟ್ಟಿ ಬಿಟ್ಟು ಎದ್ದವರಲ್ಲ. ನಾನು ಕಾಗದ ಓದಿ ಹೇಳಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು, ತಮಗೆ ಓದಲು ಬಾರದ ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಎದ್ದರು. ಲುಂಗಿಯನ್ನು ಮೊಳಕಾಲಿನವರೆಗೆ ಎತ್ತಿ ಕಟ್ಟಿಕೊಂಡೇ, ನನ್ನ ಕಾಗದವನ್ನು ಹಿಡಿದುಕೊಂಡೇ ಬೀದಿಗೆ ಇಳಿದರು.

ಐವತ್ತೈದು ದಾಟಿದ ಮನುಷ್ಯ ಮನೆಯಿಂದ ಮನೆಗೆ ಓಡಿದರು. ಮಗ್ಗದ ಸದ್ದಿಗೆ ಮಾತು ಕೇಳಿಸದ ಮನೆಗಳಲ್ಲಿ ಒಳಗೇ ನುಗ್ಗಿ, ತಾವೇ ಮಗ್ಗ ನಿಲ್ಲಿಸಿ, "ನಮ್ಮ ಹುಡುಗಿ ಪಾಸಾದ್ಲು. ಬ್ಯಾಂಕು" ಎಂದರು. ಬೀದಿಯ ಸದ್ದು ಒಂದೊಂದೇ ಮನೆಯಾಗಿ ಅಡಗುತ್ತಾ ಹೋಯಿತು. ನಾನು ಹುಟ್ಟಿದಾಗಿನಿಂದ ಹಬ್ಬದ ದಿನ ಬಿಟ್ಟರೆ ನಮ್ಮ ಬೀದಿ ಅಷ್ಟು ಸುಮ್ಮನಿದ್ದದ್ದು ಕಂಡಿರಲಿಲ್ಲ. ಅಪ್ಪ ಹೊರಗೆ ಬಂದು ಏನಾಯಿತು ಎಂದು ಕೇಳಿದರು. ಅವರಿಗೆ ಹೇಳಬೇಕಾದ ನಾನು ಅಳುತ್ತಾ ನಿಂತಿದ್ದೆ, ಮಾವನೇ ಹೇಳಿದರು. ಅಪ್ಪ ಆ ಮಧ್ಯಾಹ್ನವೇ ಹಿಂದೂಪುರಕ್ಕೆ ಕಾಗದ ಬರೆದರು.

ತೊಟ್ಟಿಯಲ್ಲಿದ್ದ ನೂಲು ಪಟ್ಟೆ ಪಟ್ಟೆಯಾಗಿ ಹಾಳಾಗಿತ್ತು. ಸಂಜೆ ಬಂದ ಮಾಲೀಕರು ಅದನ್ನು ಎತ್ತಿ ಹಿಡಿದು, "ಏನ್ರೀ ಇದು, ಮೂವತ್ತು ವರ್ಷದಲ್ಲಿ ನಿಮ್ ಕೈಲಿ ಹಿಂಗಾಗಿದ್ದು ನಾ ನೋಡಿಲ್ಲ" ಎಂದರು.

"ತಪ್ಪು ನಂದೇ. ನಾಳೆ ಪೂರ್ತಿ ಗಾಢ ಮಾಡಿ ಸರಿ ಮಾಡ್ಕೊಡ್ತೀನಿ. ನಮ್ಮ ಹುಡುಗಿ ಬ್ಯಾಂಕಿಗೆ ಪಾಸಾದ್ಲು" ಎಂದರು ಮಾವ.

ಮಾಲೀಕರು ಲಡಿಯನ್ನೂ ನನ್ನನ್ನೂ ನೋಡಿದರು. "ಯಾವ ಬ್ಯಾಂಕು?" ಎಂದು ಕೇಳಿದರು.

ನನಗೆ ಹೊಸಕೋಟೆಯ ಶಾಖೆ ಸಿಕ್ಕಿತು. ಸೇರಿ ಎರಡು ತಿಂಗಳಾಗಿತ್ತು. ಒಂದು ಸೋಮವಾರ ತರಕಾರಿ ಮಂಡಿಯವರು, ಹಾಲಿನವರು, ಕಾರ್ಖಾನೆಯವರು ಎಂದು ನನ್ನ ಕೌಂಟರಿನ ಮುಂದೆ ಉದ್ದ ಸಾಲು. ತಲೆ ಎತ್ತಲು ಪುರುಸೊತ್ತಿಲ್ಲ. ಮುಂದಿನವರ ಕಾಗದಕ್ಕೆ ಕೈ ಚಾಚಿದೆ. ಕಾಗದ ಬರಲಿಲ್ಲ. ತಲೆ ಎತ್ತಿದರೆ ಮಾವ. ಒಗೆದ ಬಿಳಿ ಪಂಚೆ, ತುಂಬುತೋಳಿನ ಅಂಗಿ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ, ಅಲ್ಲಿಂದ ಬಸ್ಸು ಬದಲಾಯಿಸಿ ಬಂದಿದ್ದರು. ಒಳಗೆ ಬರಬಹುದಿತ್ತು, ಪಕ್ಕದಿಂದ ಕೂಗಬಹುದಿತ್ತು. ಮುಕ್ಕಾಲು ಗಂಟೆ ಸಾಲಿನಲ್ಲೇ ನಿಂತಿದ್ದರು.

"ಏನ್ ಮಾವ, ಏನಾಗ್ಬೇಕಿತ್ತು?" ಎಂದೆ ಗಾಬರಿಯಲ್ಲಿ.

"ಏನೂ ಇಲ್ಲ ಕಣಮ್ಮ. ನೋಡ್ಬೇಕು ಅನ್ನಿಸ್ತು. ನೋಡ್ದೆ."

ಕೂರಿ, ಕಾಫಿ ತರಿಸುತ್ತೇನೆ ಎಂದೆ. ನನ್ನ ಮೇಜು, ಕುರ್ಚಿ, ನಾನು ಸಹಿ ಹಾಕುತ್ತಿದ್ದ ಕಾಗದ, ಎಲ್ಲವನ್ನೂ ಒಮ್ಮೆ ನೋಡಿ, "ಜನ ಕಾಯ್ತಾವ್ರೆ, ನಿನ್ ಕೆಲಸ ನೋಡು" ಎಂದು ಸಾಲಿನಿಂದ ಪಕ್ಕಕ್ಕೆ ಸರಿದು ಹೊರಟುಬಿಟ್ಟರು. ಹಿಂದೆ ನಿಂತಿದ್ದ ಹಾಲಿನವನು, "ಯಾರ್ ಮೇಡಂ ಅವ್ರು?" ಎಂದು ಕೇಳಿದ.

"ನಮ್ಮ ಮೇಷ್ಟ್ರು" ಎಂದೆ. ಸಾಲಿನ ಕೊನೆಯವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದೆ. ಅಲ್ಲಿಯವರೆಗೆ ಒಂದು ದಿನವೂ ಅವರನ್ನು ಹಾಗೆ ಕರೆದಿರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಎದುರಿಗೇ ಕರೆಯಬೇಕು ಎಂದುಕೊಂಡೆ. ಆ ವರ್ಷ ಚಳಿಗಾಲ ಮುಗಿಯುವ ಮುಂಚೆಯೇ, ಮಲಗಿದ್ದಲ್ಲೇ ಅವರು ಹೋಗಿಬಿಟ್ಟರು. ಆ ಸೋಮವಾರ ಬ್ಯಾಂಕಿನಲ್ಲಿದ್ದ ನಲವತ್ತು ಜನಕ್ಕೂ ನನ್ನ ಮಾತು ಕೇಳಿಸಿತ್ತು. ಮಾವ ಮಾತ್ರ ಆಗಲೇ ರಸ್ತೆ ದಾಟಿ ಬಸ್ಸಿಗೆ ನಿಂತಿದ್ದರು.